ಹುಚ್ಚ, ತಿಕ್ಲ, ಲೂಸು, ಮೆಂಟ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ತಲೆ ಸರಿಯಿಲ್ಲ ಅಂತ ನಾವು ಅಂದುಕೊಂಡವರನ್ನು, ನಮ್ಮ ಹಾಗಿಲ್ಲದವರನ್ನು, ಒಂದು ವಿಷಯದ ಹಿಂದೆ ಬಿದ್ದು ಊಟ ನಿದ್ದೆ ಮರೆತವರನ್ನು ಕರೆಯೋಕೆ ಕನ್ನಡದಲ್ಲಿ ರಾಶಿ ಮಾತುಗಳಿವೆ. ಕೆಲವು ಮುದ್ದಿನವು, ಕೆಲವು ಬೈಗುಳ, ಕೆಲವು ದೇವರ ಹೆಸರಲ್ಲೇ ಸೇರಿಕೊಂಡಿವೆ. ಈ ಮಾತುಗಳ ಬಗ್ಗೆ ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಯಾವ ಊರಲ್ಲಿ ಯಾವ ಮಾತು ನಡೆಯುತ್ತೆ?

ಹುಚ್ಚ, ಹುಚ್ಚಿ, ಹುಚ್ಚು ಇವು ಎಲ್ಲ ಕಡೆ ಇವೆ. ಅದರ ಮೇಲೆ ಒಂದೊಂದು ಸೀಮೆ ತನ್ನದನ್ನು ಸೇರಿಸಿಕೊಂಡಿದೆ.

ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು ಕಡೆ ತಿಕ್ಲು, ಐಲು, ಐಲುಪೈಲು, ತಲೆಕೆಟ್ಟೋನು, ಅರೆಹುಚ್ಚ, ಎಡವಟ್ಟು ಜಾಸ್ತಿ. 'ಐಲ್ ಥರಾ ಆಡ್ಬೇಡ' ಅಂದರೆ ಹೇಗೆ ಹೇಗೋ ಆಡಬೇಡ ಅಂತ. ತಿಕ್ಕಲು ತೆಲುಗಿನವರಿಗೂ ಗೊತ್ತು, ಅಲ್ಲಿ ಅದು ತಿಕ್ಕ. ಕೋಲಾರ, ಪಾವಗಡದ ಕಡೆಯವರು ಎರಡೂ ಭಾಷೆಯಲ್ಲಿ ಅದನ್ನೇ ಆಡುತ್ತಾರೆ.

ಉತ್ತರ ಕರ್ನಾಟಕದಲ್ಲಿ ಹುಚ್ಚಖೋಡಿ, ಹುಚ್ಚಪ್ಯಾಲಿ, ಮಂಗ್ಯಾ. 'ತಲಿ ತಿರಗೇತೇನ್ ನಿಂದು?' ಅನ್ನೋದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಹುಚ್ಚಖೋಡಿಯಲ್ಲಿ ಬೈಗುಳಕ್ಕಿಂತ ಸಲುಗೆ ಜಾಸ್ತಿ. ಗುರುತಿಲ್ಲದವರನ್ನು ಯಾರೂ ಹಾಗೆ ಕರೆಯೋದಿಲ್ಲ. ಅಲ್ಲಿನ ಇನ್ನೊಂದು ಮಾತು ಮಳ್ಳ. ಏನೂ ಗೊತ್ತಿಲ್ಲದ ಹಾಗೆ ಮುಖ ಮಾಡಿ ಎಲ್ಲ ಬಲ್ಲವನು ಮಳ್ಳ. 'ಮಳ್ಳ ಮಳ್ಳ, ಮಂಚಕ್ಕೆಷ್ಟು ಕಾಲು ಅಂದ್ರ ಮೂರು ಮತ್ತೊಂದು' ಅನ್ನುವ ಗಾದೆಯ ಮಳ್ಳ ಇವನೇ. ಅದೇ ಶಿರಸಿ, ಸಿದ್ದಾಪುರದ ಹವ್ಯಕರ ಮನೆಯಲ್ಲಿ ಮಳ್ಳು ಅಂದರೆ ನೇರವಾಗಿ ಹುಚ್ಚು, ಪೆದ್ದು ಅಂತಲೇ ಅರ್ಥ. ಮಲೆನಾಡಿಗೆ ಬರುವಷ್ಟರಲ್ಲಿ ನಟಿಸುವವನು ನಿಜವಾದ ಮುಗ್ಧ ಆಗಿಬಿಡುತ್ತಾನೆ.

ಕರಾವಳಿಗೆ ಇಳಿದರೆ ತುಳುವಿನ ಮರ್ಲ್, ಮರ್ಲೆ. ಅಲ್ಲಿನ ಕನ್ನಡದವರೂ 'ನಿಂಗೆ ಮರ್ಲಾ ಮಾರಾಯ?' ಅನ್ನುತ್ತಾರೆ. ಪಿರ್ಕಿ ಅನ್ನೋದು ಅಲ್ಲಿನ ಬಹಳ ಚೆನ್ನಾದ ಪದ. ಕಾಯಿಲೆ ಇಲ್ಲ, ಕೆಟ್ಟವನೂ ಅಲ್ಲ, ಆದರೆ ಯಾವಾಗ ಏನು ಮಾಡುತ್ತಾನೋ ಹೇಳೋಕಾಗಲ್ಲ. ಅಂಥವನು ಪಿರ್ಕಿ. ತಲೆಯ ಬದಲು ಅಲ್ಲಿ ಮಂಡೆ: 'ಅವನ ಮಂಡೆ ಸಮ ಇಲ್ಲ.' ಕೊಂಕಣಿ ಮಾತಾಡುವವರು ಪಿಸ್ಸೊ ಅನ್ನುತ್ತಾರೆ. ಕಲಬುರಗಿ, ಬೀದರ್ ಕಡೆ ಪಾಗಲ್, ದಿವಾನಾ ಕೂಡ ಮನೆಮಾತು.

ಇವೆಲ್ಲದರ ಮೇಲೆ ಈಗ ಇಂಗ್ಲಿಷಿನಿಂದ ಬಂದವು ಕೂತಿವೆ: ಲೂಸು, ಮೆಂಟ್ಲು, ಕ್ರ್ಯಾಕ್, ಸೈಕೋ, ಹಾಫ್ ಮೆಂಟಲ್, ಕೇಸು.

ಹುಚ್ಚ, ತಿಕ್ಕಲ, ಪೆದ್ದ ಎಲ್ಲಾ ಒಂದೇ ಅಲ್ವಾ?

ಅಲ್ಲ. ಪೆದ್ದ, ಬೆಪ್ಪ, ದಡ್ಡ, ಗುಗ್ಗು ಅಂದರೆ ತಿಳಿವಳಿಕೆ ಕಡಿಮೆ ಅಂತ. ತಿಕ್ಕಲನಿಗೆ ತಿಳಿವಳಿಕೆ ಬೇಕಾದಷ್ಟಿರುತ್ತೆ. ಅವನ ತೊಂದರೆ ಏನೆಂದರೆ ಹೊತ್ತುಹೊತ್ತಿಗೆ ಮನಸ್ಸು ಬದಲಾಗೋದು. ಈಗ ನಗುತ್ತಾ ಮಾತಾಡಿದವನು ಹತ್ತು ನಿಮಿಷಕ್ಕೆ ಮುಖ ತಿರುಗಿಸಿ ಹೋಗುತ್ತಾನೆ. 'ಅವನ ತಿಕ್ಲು ಕೆರಳಿಸಬೇಡ' ಅನ್ನುವಾಗ ನಾವು ಹೇಳೋದು ಇದನ್ನೇ. ಎಡವಟ್ಟ ಕೆಲಸ ಕೆಡಿಸುವವನು, ತರಲೆ ಬೇಕೆಂದೇ ಕೀಟಲೆ ಮಾಡುವವನು.

ಈ ಗೆರೆಗಳು ಅಳಿಸಿಹೋಗಿರುವುದರಿಂದ ಒಂದು ದೊಡ್ಡ ತೊಂದರೆ ಆಗಿದೆ. ಹುಟ್ಟಿನಿಂದ ಕಲಿಕೆ ನಿಧಾನ ಇರುವ ಮಗುವನ್ನೂ, ಇಪ್ಪತ್ತೈದನೇ ವಯಸ್ಸಿಗೆ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಲು ಶುರುವಾದ ಎಂಜಿನಿಯರನ್ನೂ ಜನ ಒಂದೇ ಮಾತಲ್ಲಿ ಮೆಂಟಲ್ ಅನ್ನುತ್ತಾರೆ. ಇಬ್ಬರಿಗೂ ಬೇಕಾದ ನೆರವು ಪೂರ್ತಿ ಬೇರೆ. ಮಗುವಿಗೆ ತಾಳ್ಮೆಯಿಂದ ಕಲಿಸುವವರು ಬೇಕು. ಎಂಜಿನಿಯರಿಗೆ ಮನೋವೈದ್ಯರು ಬೇಕು, ಬಹುಪಾಲು ಔಷಧಿಯೂ ಬೇಕು.

ಹುಚ್ಚು ಅನ್ನೋದು ಬೈಗುಳವೇ?

ಆಗಬಹುದು, ಆಗದೇ ಇರಬಹುದು. ನನಗೆ ಈ ಪದದ ಮೇಲೆ ಪ್ರೀತಿ ಇದೆ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಚ್ಚಿನ ಜೊತೆ ನಾವು ಯಾವ ಕ್ರಿಯಾಪದ ಹಚ್ಚುತ್ತೇವೆ ನೋಡಿ. ಹುಚ್ಚು ಹಿಡಿಯುತ್ತೆ. ಹತ್ತುತ್ತೆ. ಏರುತ್ತೆ, ಇಳಿಯುತ್ತೆ. ಬಿಡುತ್ತೆ. ಬಿಡಿಸಬಹುದು. ಹೊರಗಿನಿಂದ ಬಂದು ಕೂತು ಎದ್ದು ಹೋಗುವ ಒಂದು ಸಂಗತಿ ಅದು. ಹಿಡಿದಾಗಲೂ ಒಳಗಿನ ಮನುಷ್ಯ ಹಾಗೇ ಇದ್ದಾನೆ ಅನ್ನುವ ನಂಬಿಕೆ ಈ ಮಾತಿನಲ್ಲೇ ಇದೆ. 'ಅವನಿಗೆ ಹುಚ್ಚು ಹಿಡಿದಿದೆ' ಅನ್ನೋದಕ್ಕೂ 'ಅವನು ಮೆಂಟಲ್' ಅನ್ನೋದಕ್ಕೂ ಇರುವ ದೂರ ಇದು. ಮೊದಲನೆಯದು ಅವನಿಗೆ ಆದದ್ದರ ಬಗ್ಗೆ. ಎರಡನೆಯದು ಅವನನ್ನೇ ಆ ಪದ ಮಾಡಿಬಿಡುತ್ತೆ.

ಜೊತೆಗೆ ಹುಚ್ಚಿಗೆ ಮೆಚ್ಚುಗೆಯೂ ಅಂಟಿಕೊಂಡಿದೆ. ಸಿನಿಮಾ ಹುಚ್ಚು, ಯಕ್ಷಗಾನದ ಹುಚ್ಚು, ಪುಸ್ತಕದ ಹುಚ್ಚು. ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ನೇರ ಕೆಲಸಕ್ಕೆ ಹೋಗುವವನನ್ನು ಹಾಗೆ ಕರೆದರೆ ಅವನು ಹಿಗ್ಗುತ್ತಾನೆ. ಇಲ್ಲಿ ಗೀಳು, ಚಟ, ತೆವಲು ಅಂದರೆ ಅದೇ ರುಚಿ ಬರೋದಿಲ್ಲ. ಗೀಳು ಸ್ವಲ್ಪ ಕಾಯಿಲೆಯ ವಾಸನೆ ಹೊಡೆಯುತ್ತೆ, ಚಟದಲ್ಲಿ ತಪ್ಪು ಇದೆ, ತೆವಲಿನಲ್ಲಿ ತಿರಸ್ಕಾರ. ಹುಚ್ಚಿನಲ್ಲಿ ಮಾತ್ರ ಮನಸ್ಸನ್ನು ಪೂರ್ತಿ ಕೊಟ್ಟ ಸುಖ ಇದೆ. ಹುಚ್ಚು ಧೈರ್ಯ, ಹುಚ್ಚು ಮಳೆ, ಹುಚ್ಚು ಹೊಳೆ ಅನ್ನುವಾಗಲೂ ಅಷ್ಟೇ. ಅಳತೆ ಮೀರಿದ್ದು ಅಂತ.

ಹಾಗಂತ ಪದಕ್ಕೆ ಹಲ್ಲೇ ಇಲ್ಲ ಅಂತ ಹೇಳುತ್ತಿಲ್ಲ. ಚಿಕಿತ್ಸೆ ಪಡೆಯುತ್ತಿರುವವರ ಮುಖಕ್ಕೆ ಹುಚ್ಚ ಅಂದರೆ ಅದು ಕಲ್ಲೇಟೇ.

ಮರುಳು ಅಂದರೂ ಹುಚ್ಚೇ ಅಲ್ವಾ? ಯಾಕೆ ಅಷ್ಟು ಮೆದುವಾಗಿ ಕೇಳಿಸುತ್ತೆ?

ಹೌದು, ಆದರೆ ಮರುಳಿನ ಹಿಂದೆ ಹಳೆಯ ಕತೆ ಇದೆ. ಹಳಗನ್ನಡದಲ್ಲಿ ಮರುಳ್ ಅಂದರೆ ಭ್ರಮೆ, ಹುಚ್ಚು. ಜೊತೆಗೆ ಪಿಶಾಚಿ ಕೂಡ. 10ನೇ ಶತಮಾನದ ರನ್ನನ ಗದಾಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವಾಗ ಅವನನ್ನು ಹಂಗಿಸುವವು ಮರುಳುಗಳೇ. ಭೂತ ಮೆಟ್ಟಿಕೊಂಡವನೂ ಮರುಳ, ಮೆಟ್ಟಿದ ಭೂತವೂ ಮರುಳು. ತುಳುವಿನ ಮರ್ಲ್ ಇದೇ ಬಳಗದ್ದು.

ಆಮೇಲೆ ಶರಣರ ಕಾಲದಲ್ಲಿ ಈ ಪದಕ್ಕೆ ಇನ್ನೊಂದು ಬೆಳಕು ಬಿತ್ತು. ಕಲ್ಯಾಣದಲ್ಲಿ ಯಾರ ಕಣ್ಣಿಗೂ ಬೀಳದೆ, ಹುಚ್ಚನ ಹಾಗೆ ಪ್ರಸಾದಕುಂಡದ ಬಳಿ ಇದ್ದ ಮರುಳಶಂಕರದೇವನನ್ನು ಅಲ್ಲಮಪ್ರಭು ಗುರುತಿಸಿ ಎತ್ತಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತೆ. ವಿಜಯನಗರ ಜಿಲ್ಲೆಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ದೇವಸ್ಥಾನ ಇದೆ. ಮಧ್ಯ ಕರ್ನಾಟಕದಲ್ಲಿ ಮರುಳಸಿದ್ದಪ್ಪ, ಮರುಳಯ್ಯ ಅನ್ನುವ ಹೆಸರುಗಳು ಇವತ್ತಿಗೂ ಗೌರವದ ಹೆಸರುಗಳು. ಲೋಕದ ಲೆಕ್ಕಕ್ಕೆ ಹುಚ್ಚನಾಗಿ ಕಂಡವನು ಒಳಗೆ ಜ್ಞಾನಿ ಇರಬಹುದು ಅನ್ನುವ ಎಚ್ಚರ ನಮ್ಮ ಜನಕ್ಕೆ ಇತ್ತು.

ಈಗ ಮರುಳು ಉಳಿದಿರೋದು ಹೆಚ್ಚಾಗಿ ಗಾದೆಗಳಲ್ಲಿ, 'ಮರುಳಾಗಬೇಡ' ಅನ್ನುವಂಥ ಮಾತುಗಳಲ್ಲಿ. ಜನ ಮರುಳೋ ಜಾತ್ರೆ ಮರುಳೋ. ಬೀದಿಯಲ್ಲಿ ಯಾರನ್ನೂ ಮರುಳ ಅಂತ ಬೈಯೋದಿಲ್ಲ. ಹಾಗಾಗಿ ಅದರ ಚೂಪು ಸವೆದಿದೆ.

'ಅರವತ್ತಕ್ಕೆ ಅರಳು ಮರಳು' ಕೂಡ ಇದೇನಾ?

ಅದೇ ಸಾಲಿನದು. ವಯಸ್ಸಾದವರು ಹೇಳಿದ್ದನ್ನೇ ಹೇಳಿದಾಗ, ಮಕ್ಕಳಂತೆ ಹಟ ಮಾಡಿದಾಗ ಮನೆಯವರು ಆಡುವ ಮಾತು. ಬೇಂದ್ರೆಯವರು ಇದನ್ನೇ ತಮ್ಮ ಸಂಕಲನಕ್ಕೆ ಹೆಸರಾಗಿ ಇಟ್ಟುಕೊಂಡರು. ಅರಳು, ಮತ್ತೆ ಮರಳು. ಮುದಿತನದ ಮಂಕನ್ನು ಹೇಳುವ ಮಾತಿನಲ್ಲಿ ಹೂವು ಮತ್ತೆ ಅರಳುವ ಅರ್ಥವೂ ಸೇರಿಕೊಂಡಿತು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದರೆ ಮನೆಯಲ್ಲಿ ಈ ಗಾದೆಯನ್ನು ನಂಬಿ ಸುಮ್ಮನೆ ಕೂರಬೇಡಿ. ಗ್ಯಾಸ್ ಆರಿಸೋದು ಮರೆಯೋದು, ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪೋದು, ಸೊಸೆ ಒಡವೆ ಕದ್ದಳು ಅಂತ ಏಕಾಏಕಿ ಅನುಮಾನ ಪಡೋದು ಇವು ಮರೆಗುಳಿ ಕಾಯಿಲೆಯ ಲಕ್ಷಣ ಇರಬಹುದು. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತೆ, ಅದಕ್ಕೆ ಔಷಧಿ ಇದೆ. ವಯಸ್ಸಾಯ್ತು, ಅರಳು ಮರಳು ಅಂತ ಬಿಟ್ಟುಬಿಟ್ಟರೆ ಸರಿಹೋಗಬಹುದಾಗಿದ್ದದ್ದೂ ಕೈತಪ್ಪುತ್ತೆ.

ಹುಚ್ಚಪ್ಪ, ಹುಚ್ಚಮ್ಮ ಅಂತ ಮಕ್ಕಳಿಗೆ ಯಾಕೆ ಹೆಸರಿಡುತ್ತಿದ್ದರು?

ಎರಡು ಕಾರಣ. ಒಂದು, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ಚೆಂದದ ಹೆಸರಿಟ್ಟರೆ ಸಾವಿನ ಕಣ್ಣು ಬೀಳುತ್ತೆ ಅನ್ನುವ ಭಯ. ಅದಕ್ಕೇ ತಿಪ್ಪಯ್ಯ, ತಿರುಕಪ್ಪ, ಹುಚ್ಚಪ್ಪ. ಯಾರಿಗೂ ಬೇಡವಾದದ್ದು ಅನ್ನುವ ಹಾಗೆ ಹೆಸರಿಟ್ಟು ಮಗುವನ್ನು ಉಳಿಸಿಕೊಳ್ಳುವ ಆಸೆ.

ಇನ್ನೊಂದು ಕಾರಣ ದೇವರು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ ಆಂಜನೇಯನ ಹೆಸರು ಹುಚ್ಚುರಾಯಸ್ವಾಮಿ. ಆ ಸೀಮೆಯಲ್ಲಿ ಹುಚ್ಚರಾಯಪ್ಪ ಅಂತ ಹೆಸರಿದ್ದರೆ ಅದು ಹರಕೆ, ಭಕ್ತಿ. ಸ್ಕೂಲಿನಲ್ಲಿ ಇಂಥ ಹೆಸರಿನ ಹುಡುಗನನ್ನು ಬೇರೆ ಊರಿನ ಮಕ್ಕಳು ಆಡಿಕೊಳ್ಳೋದುಂಟು. ಹಾಗೆ ನಗುವ ಮಗುವಿಗೆ ಈ ಎರಡು ಕಾರಣ ಹೇಳಿ. ನಗು ಅಲ್ಲೇ ನಿಲ್ಲುತ್ತೆ.

ಹುಚ್ಚೆಳ್ಳಿಗೂ ಇದಕ್ಕೂ ಸಂಬಂಧ ಇದೆಯಾ?

ಪದ ಅದೇ. ಎಳ್ಳಿನ ಹಾಗೆ ಎಣ್ಣೆ ಕೊಡುವ, ಆದರೆ ಎಳ್ಳಲ್ಲದ ಕರಿ ಬೀಜ. ಉತ್ತರದ ಕಡೆ ಗುರೆಳ್ಳು. ತಿಂದರೆ ಹುಚ್ಚು ಹಿಡಿಯೋದಿಲ್ಲ, ಚಟ್ನಿಪುಡಿ ಬಹಳ ಚೆನ್ನಾಗಿರುತ್ತೆ. ತಿಂದರೆ ನಿಜವಾಗಿ ತಲೆ ಕೆಡಿಸುವ ಗಿಡ ಬೇರೆ: ದತ್ತೂರಿ. ಅದರ ಇನ್ನೊಂದು ಹೆಸರು ಉಮ್ಮತ್ತಿ, ಅಂದರೆ ಉನ್ಮತ್ತದಿಂದ ಬಂದದ್ದು. ಅದರ ಕಾಯಿ ಬೀಜ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಅಜ್ಜಿ 'ಹುಚ್ಚುಮುಂಡೇದು' ಅಂತ ಮುದ್ದು ಮಾಡೋದು ಸರಿಯಾ?

ನಮ್ಮ ಅಜ್ಜಿ ಇದನ್ನು ಆಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನದ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡು ಬಂದರೆ, ಸೆರಗಿನಿಂದ ಹಣೆ ಒರೆಸುತ್ತಾ, 'ಹುಚ್ಚುಮುಂಡೇದು, ಯಾರಿಗಾದ್ರೂ ಫೋನ್ ಮಾಡ್ಬಾರ್ದಾ' ಅನ್ನುತ್ತಾ ಮಜ್ಜಿಗೆ ಲೋಟ ಕೈಗಿಡುತ್ತಿದ್ದಳು. ಆ ಮಾತು ಕೇಳಿಸದಿದ್ದರೆ ಅಜ್ಜಿಗೆ ಮೈ ಸರಿಯಿಲ್ಲ ಅಂತಲೇ ಲೆಕ್ಕ.

ಆದರೂ ಒಂದು ಮಾತು ಹೇಳಲೇಬೇಕು. ಮುಂಡೆ ಅಂದರೆ ತಲೆ ಬೋಳಿಸಿದ ವಿಧವೆ. ಗಂಡ ಸತ್ತ ಹೆಣ್ಣಿಗೆ ನಮ್ಮ ಸಮಾಜ ಕೊಟ್ಟ ಅತಿ ಕ್ರೂರವಾದ ಬೈಗುಳ ಅದು. 'ಹುಚ್ಚುಮುಂಡೆ ಮದುವೇಲಿ ಉಂಡೋನೇ ಜಾಣ' ಅನ್ನುವ ಗಾದೆಯಲ್ಲಿ ಎರಡು ಗಾಯ ಒಟ್ಟಿಗೇ ಇವೆ. ಮುಂಡೇದು ಅಂತ ನಪುಂಸಕಲಿಂಗಕ್ಕೆ ತಿರುಗಿ ಮಕ್ಕಳ ಮೇಲಿನ ಮುದ್ದಾದಾಗ ಆ ನಂಜು ಬಹಳಷ್ಟು ಇಳಿದಿದೆ. ಅಜ್ಜಿಯಂದಿರನ್ನು ತಿದ್ದಲು ಹೋಗಬೇಡಿ. ಆದರೆ ನಾವು ಅದನ್ನು ಮುಂದಿನವರಿಗೆ ದಾಟಿಸಬೇಕಾಗಿಲ್ಲ. ಹುಚ್ಚಪ್ಪಾ, ಹುಚ್ಚಕ್ಕಾ ಅಂದರೂ ಅಷ್ಟೇ ಸಲುಗೆ ಬರುತ್ತೆ.

ಲೂಸು, ಸ್ಕ್ರೂ ಲೂಸು, ಫ್ಯೂಸ್ ಹೋಗಿದೆ: ಇವು ಎಲ್ಲಿಂದ ಬಂದವು?

ಗ್ಯಾರೇಜು, ಕಾರ್ಖಾನೆ, ಕರೆಂಟಿನ ಜೊತೆ ಬಂದವು. ನಟ್ಟು ಸಡಿಲ, ಬೋಲ್ಟು ಬಿದ್ದಿದೆ, ವಯರ್ ಕಟ್ ಆಗಿದೆ, ಟ್ಯೂಬ್‌ಲೈಟು. ಟ್ಯೂಬ್‌ಲೈಟು ಮಾತ್ರ ಹುಚ್ಚಿಗಲ್ಲ, ನಿಧಾನಕ್ಕೆ ಅರ್ಥ ಮಾಡಿಕೊಳ್ಳುವವರಿಗೆ. ಲೂಸು ತಮಿಳಿನಲ್ಲೂ ಹೀಗೇ ಓಡಾಡುತ್ತೆ. ಕನ್ನಡದಲ್ಲಿ ಅದು ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಸಿನಿಮಾ ಕೂಡ ಕಾರಣ. 2007ರ ದುನಿಯಾ ಚಿತ್ರದಲ್ಲಿ ಯೋಗೇಶ್ ಮಾಡಿದ ಪಾತ್ರದ ಹೆಸರು ಲೂಸ್ ಮಾದ. ಪಾತ್ರ ಎಷ್ಟು ಹಿಡಿಸಿತು ಅಂದರೆ ಜನ ನಟನನ್ನೇ ಲೂಸ್ ಮಾದ ಯೋಗಿ ಅಂತ ಕರೆಯಲು ಶುರು ಮಾಡಿದರು. ಬೈಗುಳವಾಗಿದ್ದದ್ದು ಅಭಿಮಾನಿಗಳ ಬಾಯಲ್ಲಿ ಬಿರುದಾಯಿತು.

ಇವುಗಳಲ್ಲಿ ನನಗೆ ಲೂಸು ಅಷ್ಟೇನೂ ಕೆಟ್ಟದ್ದು ಅನ್ನಿಸುವುದಿಲ್ಲ. ಗೆಳೆಯರ ನಡುವೆ ಆಡಿ ಮರೆಯುವ ಮಾತು ಅದು.

ಹಾಗಾದರೆ ಮೆಂಟಲ್, ಸೈಕೋ ಅಂದರೆ ಏನು ತಪ್ಪು?

ಇವು ಆಸ್ಪತ್ರೆಯಿಂದ ಬೀದಿಗೆ ಬಂದ ಪದಗಳು. ಇವು ಕಾಯಿಲೆಯನ್ನು ನೇರವಾಗಿ ಬೈಗುಳ ಮಾಡುತ್ತವೆ. ಸೈಕೋ ಅಂದ ಕೂಡಲೇ ಕೊಲೆಗಾರ ಅನ್ನುವ ಚಿತ್ರ ಕಣ್ಣಿಗೆ ಬರುತ್ತೆ. ಟಿವಿಯವರಂತೂ ಸೈಕೋ ಕಿಲ್ಲರ್ ಅನ್ನುವ ಜೋಡಿಯನ್ನು ಅಂಟು ಹಾಕಿಬಿಟ್ಟಿದ್ದಾರೆ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುತೇಕ ಯಾರೂ ಇನ್ನೊಬ್ಬರ ಮೇಲೆ ಕೈ ಮಾಡುವವರಲ್ಲ. ಏಟು ತಿನ್ನುವವರು, ಮೋಸ ಹೋಗುವವರು ಅವರೇ ಜಾಸ್ತಿ.

ಮೆಂಟಲ್‌ನ ಹಿಂದಿನ ಕತೆ ಕೇಳಿ. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಮೊದಲು ಇದ್ದ ಹೆಸರು ಲೂನಾಟಿಕ್ ಅಸೈಲಂ. ಲೂನಾಟಿಕ್ ಅಂದರೆ ಹುಚ್ಚ. ಅದು ಅವಮಾನದ ಮಾತಾಗಿತ್ತು. 1925ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಹೆಸರು ಬದಲಿಸಿ ಮೆಂಟಲ್ ಹಾಸ್ಪಿಟಲ್ ಅಂತ ಮಾಡಿತು. ಇಲ್ಲಿರುವವರು ರೋಗಿಗಳು, ಇದು ಆಸ್ಪತ್ರೆ ಅನ್ನುವುದು ಆ ಹೆಸರಿನ ಹಿಂದಿನ ಒಳ್ಳೆಯ ಉದ್ದೇಶ. ಅಂದರೆ ಮೆಂಟಲ್ ಆಗ ಗೌರವದ ಪದ! ಜನರ ಮನಸ್ಸಿನ ಭಯ ಬದಲಾಗಲಿಲ್ಲ, ಹಾಗಾಗಿ ಕೆಲವು ವರ್ಷಕ್ಕೆ ಅದೇ ಪದ ಬೈಗುಳವಾಯಿತು. 1974ರ ಡಿಸೆಂಬರ್‌ನಲ್ಲಿ ಆ ಆಸ್ಪತ್ರೆಯೂ 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು. ಈಗ ನಿಮ್ಹಾನ್ಸ್ ಕೇಸು ಅನ್ನೋದೇ ಬೈಗುಳ. ಬೋರ್ಡು ಎಷ್ಟು ಸಲ ಬದಲಿಸಿದರೂ ಒಳಗೆ ಹೋಗುವವರನ್ನು ನಾವು ನೋಡುವ ರೀತಿ ಹಾಗೇ ಇದ್ದರೆ ಹೊಸ ಹೆಸರೂ ಹಳೆಯದರ ಹಾದಿ ಹಿಡಿಯುತ್ತೆ.

'ನಿಮ್ಹಾನ್ಸ್‌ಗೆ ಸೇರಿಸ್ಬೇಕು', 'ಧಾರವಾಡಕ್ಕ ಕಳಸ್ಬೇಕು': ತಮಾಷೆ ತಾನೇ?

ಹೇಳುವವರಿಗೆ ತಮಾಷೆ. ದಕ್ಷಿಣದವರಿಗೆ ನಿಮ್ಹಾನ್ಸ್, ಉತ್ತರದವರಿಗೆ ಧಾರವಾಡ. ಧಾರವಾಡದ ಮಾನಸಿಕ ಆಸ್ಪತ್ರೆ 19ನೇ ಶತಮಾನದ್ದು, ಈಗ ಅದು ಡಿಮ್ಹಾನ್ಸ್. ಪ್ರತಿ ಭಾಷೆಯವರಿಗೂ ಇಂಥ ಒಂದು ಊರಿದೆ. ತೆಲುಗಿನವರಿಗೆ ಎರ್ರಗಡ್ಡ, ತಮಿಳರಿಗೆ ಕೀಳ್ಪಾಕ್ಕಂ, ಮಲಯಾಳಿಗಳಿಗೆ ಕುತಿರವಟ್ಟಂ, ಮರಾಠಿಗರಿಗೆ ಯರವಡಾ, ಹಿಂದಿಯವರಿಗೆ ಆಗ್ರಾ, ರಾಂಚಿ. ಪಾಪ, ಆ ಊರುಗಳಲ್ಲಿ ಹುಟ್ಟಿ ಬೆಳೆದವರು ಇದನ್ನು ಎಷ್ಟು ಸಲ ಕೇಳಿಸಿಕೊಂಡಿರುತ್ತಾರೋ.

ಹೊಸೂರು ರಸ್ತೆಯ ಬಸ್ಸಿನಲ್ಲಿ ನಾನು ಕಂಡದ್ದು ಒಂದಿದೆ. ಕಂಡಕ್ಟರು 'ನಿಮ್ಹಾನ್ಸ್, ನಿಮ್ಹಾನ್ಸ್' ಅಂದ ಕೂಡಲೇ ಹಿಂದಿನ ಸೀಟಿನ ಕಾಲೇಜು ಹುಡುಗರು ಒಬ್ಬನ ಬೆನ್ನಿಗೆ ಗುದ್ದಿ, 'ಲೋ, ನಿನ್ ಸ್ಟಾಪ್ ಬಂತು ಇಳ್ಕೊಳೋ' ಅಂತ ನಕ್ಕರು. ಅದೇ ಹೊತ್ತಿಗೆ ಮುಂದೆ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೈಲು ಎದೆಗೆ ಒತ್ತಿಕೊಂಡು, ಮಗನ ಕೈ ಹಿಡಿದು ಎದ್ದಳು. ಹುಡುಗನಿಗೆ ಹದಿನೆಂಟಿರಬಹುದು. ಆ ನಗು ಅವನಿಗೆ ಕೇಳಿಸಿತು, ತಿರುಗಿ ನೋಡಿದ. ಹಿಂದಿನವರಿಗೆ ಅವನು ಕಾಣಲೇ ಇಲ್ಲ. ಅವರು ಕೆಟ್ಟ ಹುಡುಗರಲ್ಲ. ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಯೋಚನೆ ಬಂದಿರಲಿಲ್ಲ, ಅಷ್ಟೆ.

ಇನ್ನೊಂದು ವಿಷಯ. ನಿಮ್ಹಾನ್ಸ್ ಮನಸ್ಸಿನ ಆಸ್ಪತ್ರೆ ಮಾತ್ರ ಅಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಮೂರ್ಛೆ ರೋಗದವರು, ಲಕ್ವ ಹೊಡೆದವರು, ಮಿದುಳಿನಲ್ಲಿ ಗೆಡ್ಡೆ ಇರುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಆ ಗೇಟು ದಾಟಿದವರನ್ನೆಲ್ಲ ಒಂದೇ ಮಾತಲ್ಲಿ ಕರೆಯುವವರಿಗೆ ಇದು ಗೊತ್ತಿರೋದಿಲ್ಲ.

'ಅಮಾವಾಸ್ಯೆ ಹತ್ರ ಬಂತು ಅನ್ಸುತ್ತೆ' ಅನ್ನೋದರಲ್ಲಿ ನಿಜ ಇದೆಯಾ? ನಿಂಬೆಹಣ್ಣು?

ಹುಣ್ಣಿಮೆ, ಅಮಾವಾಸ್ಯೆಗೆ ಹುಚ್ಚು ಏರುತ್ತೆ ಅನ್ನೋದು ನಮ್ಮಲ್ಲೂ ಇದೆ, ಯುರೋಪಿನಲ್ಲೂ ಇತ್ತು. ಲೂನಾಟಿಕ್ ಅನ್ನುವ ಪದದಲ್ಲೇ ಚಂದ್ರ ಇದ್ದಾನೆ. ಇದಕ್ಕೆ ಗಟ್ಟಿ ಆಧಾರ ಇಲ್ಲ. ತಲೆಗೆ ನಿಂಬೆಹಣ್ಣು ತಿಕ್ಕಿದರೆ ಹುಚ್ಚು ಬಿಡುತ್ತೆ ಅನ್ನೋದಕ್ಕೂ ಇಲ್ಲ. ತಲೆ ತಂಪಾಗುತ್ತೆ, ಅಷ್ಟೇ. ಮಾತಾಗಿ ಇವು ಇರಲಿ, ಚೆನ್ನಾಗಿವೆ. ಔಷಧಿಯಾಗಿ ಬೇಡ.

ಹೆಂಗಸರಿಗೆ ಈ ಮಾತು ಬೇರೆ ರೀತಿ ತಟ್ಟುತ್ತಾ?

ತಟ್ಟುತ್ತೆ, ಬಹಳ ಜೋರಾಗಿ. ಗಂಡಸು ಹುಚ್ಚ ಅನ್ನಿಸಿಕೊಂಡರೆ ಸ್ವಭಾವ ಅಂತ ನಡೆದುಹೋಗಬಹುದು. ಹುಚ್ಚಿ ಅನ್ನಿಸಿಕೊಂಡ ಹೆಣ್ಣಿಗೆ ಅದು ಹಣೆಪಟ್ಟಿ. ಜೋರಾಗಿ ನಕ್ಕರೆ ಹುಚ್ಚಿ, ಆಸ್ತಿಯಲ್ಲಿ ಪಾಲು ಕೇಳಿದರೆ ಹುಚ್ಚಿ, ಗಂಡನ ಮೇಲೆ ದೂರು ಕೊಟ್ಟರೆ 'ಅವಳಿಗೆ ತಲೆ ಸರಿಯಿಲ್ಲ ಸಾರ್'.

ತ್ರಿವೇಣಿಯವರ ಕಾದಂಬರಿ ಇಟ್ಟುಕೊಂಡು ಪುಟ್ಟಣ್ಣ ಕಣಗಾಲ್ 1971ರಲ್ಲಿ ಶರಪಂಜರ ಮಾಡಿದರು. ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಆದರೆ ಮನೆ, ಬೀದಿ, ನೆಂಟರು ಯಾರೂ ಅವಳನ್ನು ಗುಣವಾದವಳು ಅಂತ ನೋಡಲು ತಯಾರಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಅನುಮಾನದ ನೋಟ ಬೀಳುವಂಥ ಬದುಕು ಅದು. ಕೊನೆಗೆ ಆ ನೋಟಗಳೇ ಅವಳನ್ನು ಮತ್ತೆ ಆಸ್ಪತ್ರೆಗೆ ನೂಕುತ್ತವೆ.

ಹೆರಿಗೆಯಾದ ಮೇಲೆ ಬರುವ ತೀವ್ರ ಮನೋರೋಗಕ್ಕೆ ನಮ್ಮ ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಅನ್ನುತ್ತಾರೆ. ದೆವ್ವ ಮೆಟ್ಟಿದೆ ಅಂತ ಮಂತ್ರವಾದಿಯ ಹತ್ತಿರ ಕರೆದೊಯ್ಯೋದು ಈಗಲೂ ಇದೆ. ಇದು ಬೇಗ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುವ ಕಾಯಿಲೆ. ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ.

'ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ' ಅನ್ನುವ ಗಾದೆಯನ್ನು ನಿಜ ಅಂತ ನಂಬಿ ಮದುವೆ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಮದುವೆ ಯಾವ ಕಾಯಿಲೆಗೂ ಔಷಧಿಯಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಎರಡು ಜೀವ ಹಾಳಾಗುತ್ತವೆ.

ಹೀಗೆಲ್ಲ ಕರೆದರೆ ಕಾನೂನು ಏನಾದರೂ ಹೇಳುತ್ತಾ?

ಹೇಳುತ್ತೆ. ಬ್ರಿಟಿಷರ 1912ರ ಕಾಯ್ದೆಯ ಹೆಸರಲ್ಲೇ ಲೂನಸಿ ಅನ್ನುವ ಪದ ಇತ್ತು. 1987ರ ಕಾಯ್ದೆ ಅದನ್ನು ಕೈಬಿಟ್ಟಿತು. ಈಗಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರಿಗೆ ಘನತೆಯಿಂದ ಬದುಕುವ ಹಕ್ಕು ಇದೆ ಅನ್ನುತ್ತೆ. ದೈಹಿಕ ಹಿಂಸೆಯ ಜೊತೆ ಮಾತಿನ ಹಿಂಸೆಯಿಂದಲೂ ಅವರಿಗೆ ರಕ್ಷಣೆ ಇರಬೇಕು ಅಂತ ಅದರಲ್ಲಿ ಬರೆದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಅವಮಾನಿಸಬೇಕೆಂದೇ ನಾಲ್ಕು ಜನರ ಮುಂದೆ ಹೀಯಾಳಿಸಿದರೆ ಅದರ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು, ದಂಡ. ಗೆಳೆಯನನ್ನು ಲೂಸು ಅಂದದ್ದಕ್ಕೆ ಯಾರೂ ಹಿಡಿದುಕೊಂಡು ಹೋಗಲ್ಲ. ಆದರೆ ಕಾಯಿಲೆ ಇರುವ ಪಕ್ಕದ ಮನೆಯವರನ್ನು ಬೀದಿಯಲ್ಲಿ ನಿಲ್ಲಿಸಿ ಆಡಿಕೊಳ್ಳೋದು ಅಪರಾಧ.

'ನಂಗೆ ಸ್ವಲ್ಪ ಓಸಿಡಿ', 'ಬಾಸ್ ಬೈಪೋಲಾರ್' ಅನ್ನಬಹುದಾ?

ಮೇಜು ನೀಟಾಗಿ ಇಡೋದು ಓಸಿಡಿ ಅಲ್ಲ. ಓಸಿಡಿ ಅನ್ನುವ ಗೀಳಿನ ಕಾಯಿಲೆ ಇರುವವರು ಚರ್ಮ ಸುಲಿಯುವವರೆಗೂ ಕೈ ತೊಳೆಯುತ್ತಾರೆ, ಬೀಗ ಹಾಕಿದ್ದನ್ನು ನೋಡಲು ಅರ್ಧ ದಾರಿಯಿಂದ ಮತ್ತೆ ಮತ್ತೆ ಹಿಂದಿರುಗುತ್ತಾರೆ, ಬೇಡ ಅಂದರೂ ಆ ಯೋಚನೆ ಬಿಡೋದಿಲ್ಲ. ಬೆಳಿಗ್ಗೆ ಸಿಟ್ಟು, ಸಂಜೆ ನಗು ಅನ್ನೋದು ಬೈಪೋಲಾರ್ (ಮನಸ್ಸು ವಾರಗಟ್ಟಲೆ ಉಬ್ಬುವ, ಕುಗ್ಗುವ ಕಾಯಿಲೆ) ಅಲ್ಲ. ಅದಕ್ಕೆ ನಮ್ಮಲ್ಲಿ ತಿಕ್ಲು ಅನ್ನುವ ಸರಿಯಾದ ಪದ ಇದ್ದೇ ಇದೆ. ಕಾಯಿಲೆಯ ಹೆಸರನ್ನು ಕಾಯಿಲೆಗೇ ಬಿಡೋಣ.

ಹಾಗಾದರೆ ಏನು ಹೇಳಬೇಕು?

ಕಾಯಿಲೆ ಇದ್ದರೆ ಮಾನಸಿಕ ಕಾಯಿಲೆ ಇದೆ, ಚಿಕಿತ್ಸೆ ನಡೀತಿದೆ ಅಂತ ಹೇಳಿ. ಅದನ್ನೂ ಹೇಳುವ ಅಗತ್ಯ ಇದ್ದರೆ ಮಾತ್ರ. ಹುಚ್ಚಾಸ್ಪತ್ರೆ ಬೇಡ, ಮಾನಸಿಕ ಆಸ್ಪತ್ರೆ ಸಾಕು. ಹುಚ್ಚರ ಡಾಕ್ಟ್ರು ಬೇಡ, ಮನೋವೈದ್ಯರು ಅನ್ನಿ.

ಕಾಯಿಲೆ ಏನಿಲ್ಲ, ಮನುಷ್ಯನೇ ಹಾಗೆ ಅಂತಾದರೆ ಕನ್ನಡದಲ್ಲಿ ಬೇಕಾದಷ್ಟಿದೆ. ಅವನದೇ ಲೋಕ. ಒಂಥರಾ ಆಸಾಮಿ. ಹೇಳಿದ ಮಾತು ಕೇಳೋನಲ್ಲ. ಪಿರ್ಕಿ. ಮನೆಯವರ ಜೊತೆ, ಹಳೆಯ ಗೆಳೆಯರ ಜೊತೆ ಹುಚ್ಚಪ್ಪ, ಹುಚ್ಚಖೋಡಿ, ತಿಕ್ಲು ಎಲ್ಲ ಆಡಿ. ಅವರೂ ನಿಮ್ಮನ್ನು ಹಾಗೇ ಕರೆಯುವಷ್ಟು ಸಲುಗೆ ಇರಬೇಕು, ಅಷ್ಟೇ. ಮೇಲಿನವರು ಕೆಳಗಿನವರಿಗೆ, ಯಜಮಾನ ಕೆಲಸದವರಿಗೆ, ಮೇಷ್ಟ್ರು ಹುಡುಗರಿಗೆ ಹೇಳಿದಾಗ ಅದೇ ಪದ ಬೇರೆಯಾಗುತ್ತೆ. ತಿರುಗಿ ಹೇಳೋಕೆ ಅವರಿಗೆ ಆಗೋದಿಲ್ಲ.

ನಮ್ಮ ಮನೆಯಲ್ಲೇ ಒಬ್ಬರಿಗೆ ತೊಂದರೆ ಇದೆ. ಬೀದಿಯವರ ಮಾತಿಗೆ ಹೆದರಿ ಆಸ್ಪತ್ರೆಗೇ ಹೋಗಿಲ್ಲ. ಏನು ಮಾಡೋದು?

ಈ ಪುಟದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮುತುವರ್ಜಿಯಿಂದ ಬರೆಯುತ್ತಿರುವ ಉತ್ತರ ಇದು. ನೀವು ಒಬ್ಬರೇ ಅಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಹತ್ತರಲ್ಲಿ ಒಬ್ಬರು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯೇ ಪಡೆದಿರಲಿಲ್ಲ. 'ಯಾರಾದ್ರೂ ನೋಡಿದ್ರೆ?' ಅನ್ನುವ ಭಯ ಅದಕ್ಕೆ ಒಂದು ದೊಡ್ಡ ಕಾರಣ.

ಮನೆಯಿಂದ ಹೊರಗೆ ಕಾಲಿಡುವ ಮುಂಚೆ ಫೋನು ಮಾಡಿ. ಟೆಲಿ ಮಾನಸ್ ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ ಇದು. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇದೆ ಅಂತ ಕೇಳಿ. ಬೇರೆ ರೋಗಿಗಳ ಜೊತೆ ಅದೇ ಸಾಲಿನಲ್ಲಿ ನಿಂತು ಹೋಗಬಹುದು.

ಬೀದಿಯವರಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಚಿಕ್ಕದಾಗಿ ಕೊಡಿ: 'ಹುಷಾರಿರಲಿಲ್ಲ, ತೋರಿಸ್ತಾ ಇದೀವಿ, ಈಗ ಪರವಾಗಿಲ್ಲ.' ಸಕ್ಕರೆ ಕಾಯಿಲೆಗೆ ಇದಕ್ಕಿಂತ ಹೆಚ್ಚು ವಿವರ ಯಾರೂ ಕೊಡೋದಿಲ್ಲ.

ಕತೆ, ನಾಟಕ ಬರೆಯುವವರು ಈ ಪದಗಳನ್ನೆಲ್ಲ ಬಿಡಬೇಕಾ?

ಬಿಡಬೇಡಿ. ಬೀದಿಯ ಪಾತ್ರ ಬೀದಿಯ ಮಾತೇ ಆಡಬೇಕು. ಧಾರವಾಡದ ಅಜ್ಜ ಮನೋರೋಗಿ ಅಂದರೆ ಯಾರು ನಂಬುತ್ತಾರೆ? ಆದರೆ ಹುಚ್ಚನ ಪಾತ್ರ ಬರೆಯುವಾಗ ಅವನಿಗೂ ಒಂದು ಮನೆ, ಒಂದು ಹೆಸರು, ಇಷ್ಟದ ತಿಂಡಿ ಕೊಡಿ. ಹರಿದ ಬಟ್ಟೆ, ಕೆದರಿದ ಕೂದಲು, ಕೈಯಲ್ಲೊಂದು ಕಲ್ಲು, ಸುತ್ತ ನಗುವ ಮಕ್ಕಳು: ಇದನ್ನು ನಾಟಕ ಸಿನಿಮಾಗಳಲ್ಲಿ ನೋಡಿ ನೋಡಿ ಸಾಕಾಗಿದೆ. ಅವನನ್ನು ಊರವರು ಏನಂತ ಕರೆಯುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿದೆ. ಅವನ ತಂಗಿ ಅವನನ್ನು ಏನಂತ ಕರೆಯುತ್ತಾಳೆ, ಅದನ್ನು ಬರೆಯಿರಿ.